ತಾಗಿತ್ತಾ, ಒನೆಸಿಮ್?

ಸೇಂತ್-ಓದಿಲ್ ಊರಿನಲ್ಲಿ ಒನೆಸಿಮ್ ಥಿಬೋದೋ ಎದುರಿಗೆ ಸಿಕ್ಕರೆ ಯಾರೂ ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. "ತಾಗಿತ್ತಾ?" ಎಂದು ಕೇಳುತ್ತಾರೆ. ಬ್ರೆಡ್ಡಿನ ಅಂಗಡಿಯವಳು ಕೇಳುತ್ತಾಳೆ, ಕಾಗದದ ಕಾರ್ಖಾನೆಯ ಗೇಟಿನವನು ಕೇಳುತ್ತಾನೆ. ಭಾನುವಾರದ ಪೂಜೆ ಮುಗಿಸಿ ಚರ್ಚಿನ ಬಾಗಿಲಲ್ಲಿ ಕೈಕುಲುಕುವ ಪಾದ್ರಿಗಳೂ ಕಣ್ಣು ಕಿರಿದು ಮಾಡಿ ಮೆಲ್ಲಗೆ ಕೇಳುತ್ತಾರೆ. ಒನೆಸಿಮ್ ಬಾಯಿ ಬಿಡುವುದಿಲ್ಲ. ತನ್ನ ಎಡ ಮಂಡಿಯನ್ನು ಎರಡು ಸಲ ತಟ್ಟಿ, ನಕ್ಕು, ಮುಂದೆ ಹೋಗುತ್ತಾನೆ.

ಈ ಮನುಷ್ಯ ನಮ್ಮೂರಿನ ಐಸ್ ಹಾಕಿ ತಂಡಕ್ಕೆ ಹದಿಮೂರು ಚಳಿಗಾಲ ಫಾರ್ವರ್ಡ್ ಆಟಗಾರನಾಗಿದ್ದ. ಸಂಬಳಕ್ಕೆ ಆಡಿದವನು. ಸಂಬಳ ಎಂದರೆ ದೊಡ್ಡದೇನೂ ಅಲ್ಲ, ಬೇಸಿಗೆಯಲ್ಲಿ ಕಾರ್ಖಾನೆಗೆ ಹೋಗಿ ಮರದ ದಿಮ್ಮಿ ಉರುಳಿಸಲೇಬೇಕಿತ್ತು. ಆದರೆ ನದಿಯ ಎರಡೂ ದಡದ ಊರುಗಳು ಸೇರಿ ನಡೆಸುತ್ತಿದ್ದ ಲೀಗಿನಲ್ಲಿ ಅವನಷ್ಟು ಗೋಲು ಹೊಡೆದವರು ಒಬ್ಬರೇ ಒಬ್ಬರು. ಆ ಒಬ್ಬರು ಅವನ ಮಾವ. ತೊಂದರೆ ಅಲ್ಲೇ ಇದ್ದದ್ದು.

ಮೊದಲು ಒನೆಸಿಮ್‌ನ ಆಟ ಎಂಥದ್ದು ಎಂದು ಹೇಳಿಬಿಡುತ್ತೇನೆ. ನೋಡಲು ಚಂದದ ಆಟವಲ್ಲ. ಅವನು ಒಂಬತ್ತು ಗಂಡುಮಕ್ಕಳಲ್ಲಿ ಕೊನೆಯವನು. ನದಿ ಹೆಪ್ಪುಗಟ್ಟಿದ ಕೂಡಲೇ ಅಣ್ಣಂದಿರು ಆಟಕ್ಕೆ ಇಳಿಯುತ್ತಿದ್ದರು. ಇವನಿಗೆ ಕೊಡಲು ಕೋಲೂ ಇರಲಿಲ್ಲ, ಸ್ಕೇಟ್ಸೂ ಇರಲಿಲ್ಲ. ಆದ್ದರಿಂದ ಇವನನ್ನೇ ಗೋಲಿನ ಒಂದು ಕಂಬವಾಗಿ ನಿಲ್ಲಿಸಿದರು. ಇನ್ನೊಂದು ಕಂಬ ಹಾಲಿನ ಕ್ಯಾನು. ರಬ್ಬರಿನ ಬಿಲ್ಲೆ ಬಂದು ಕ್ಯಾನಿಗೆ ಬಡಿದರೆ ಢಣ್ ಎನ್ನುತ್ತಿತ್ತು, ಒನೆಸಿಮ್‌ಗೆ ಬಡಿದರೆ ಸದ್ದೇ ಇಲ್ಲ. ಅಲುಗಾಡಿದರೆ ಅಣ್ಣಂದಿರು ಬೈಯುತ್ತಿದ್ದರು, "ಕಂಬ ಓಡಾಡುತ್ತೇನೋ ಕತ್ತೆ" ಎಂದು. ಹೀಗೆ ನಾಲ್ಕು ಚಳಿಗಾಲ ಕಂಬವಾಗಿ ನಿಂತ ಹುಡುಗ, ಬಿಲ್ಲೆ ಎಷ್ಟು ಜೋರಾಗಿ ಬಂದರೂ ಕಣ್ಣು ಮಿಟುಕಿಸದಿರುವುದನ್ನು ಕಲಿತ. ಬೇರೆ ವಿದ್ಯೆ ಯಾವುದೂ ಅವನಿಗೆ ಅಷ್ಟು ಸಲೀಸಾಗಿ ಹತ್ತಲಿಲ್ಲ.

ಬೆಳೆದ ಮೇಲೆ ಆಳು ಬಾಗಿಲಿನಷ್ಟಾದ. ಮಾಂಟ್ರಿಯಲ್‌ನ ದೊಡ್ಡ ಕ್ಲಬ್ಬೊಂದು ಪರೀಕ್ಷೆಗೆ ಕರೆಸಿಕೊಂಡಿತು. ಅಲ್ಲಿನ ತರಬೇತುದಾರ ಮೂರು ದಿನ ನೋಡಿ, "ನೀನು ಸ್ಕೇಟ್ ಮಾಡೋದು ನೋಡಿದರೆ, ಯಾರೋ ಮನೆ ಬದಲಾಯಿಸ್ತಾ ಫ್ರಿಜ್ ತಳ್ಕೊಂಡು ಹೋದ ಹಾಗಿದೆ ಕಣಪ್ಪ" ಎಂದು ಬಸ್ಸು ಹತ್ತಿಸಿದ. ಒನೆಸಿಮ್‌ಗೆ ಬೇಜಾರಾಗಲಿಲ್ಲ. ಬಸ್ಸಿನಲ್ಲೇ ಈ ಮಾತನ್ನು ಪಕ್ಕದವನಿಗೆ ಹೇಳಿ ನಗಿಸಿಕೊಂಡು ಬಂದ.

ನಮ್ಮೂರಿನ ತಂಡಕ್ಕೆ ಅಂಥ ಫ್ರಿಜ್ಜೇ ಬೇಕಾಗಿತ್ತು. ಅವನು ಎದುರಾಳಿ ಗೋಲಿನ ಬಾಯಿಗೆ ಹೋಗಿ ನಿಂತುಬಿಡುತ್ತಿದ್ದ. ಹಿಂದಿನಿಂದ ಗೋಲ್‌ಕೀಪರು ಹಿಮ್ಮಡಿಗೆ ಹೊಡೆಯುತ್ತಿದ್ದ, ಪಕ್ಕದಿಂದ ಇಬ್ಬರು ಸೊಂಟಕ್ಕೆ ತಿವಿಯುತ್ತಿದ್ದರು. ಇವನು ಅಲುಗುತ್ತಿರಲಿಲ್ಲ. ದೂರದಿಂದ ಜೊತೆಗಾರರು ಹೊಡೆದ ಬಿಲ್ಲೆ ಇವನ ಕೋಲಿಗೋ ಮುಂಗೈಗೋ ಪಕ್ಕೆಗೋ, ಹಲವು ಸಲ ಮರ್ಯಾದಸ್ಥರು ಹೆಸರಿಸದ ಜಾಗಕ್ಕೋ ತಗುಲಿ ದಿಕ್ಕು ತಪ್ಪಿ ಗೋಲಿನೊಳಗೆ ಹೋಗುತ್ತಿತ್ತು. ಆಟದ ನಿಯಮ ಸರಳ: ತಂಡದಲ್ಲಿ ಕೊನೆಗೆ ಯಾರ ಮೈಗೆ ತಾಗಿತೋ ಗೋಲು ಅವರದು. ನಮ್ಮ ಫ್ರೆಂಚಿನಲ್ಲಿ ಆಜಾನುಬಾಹು ಮನುಷ್ಯನನ್ನು ಕನ್ನಡಿ ಕಪಾಟು ಎನ್ನುತ್ತೇವೆ. ಕನ್ನಡಿಗೂ ಮಂಜುಗಡ್ಡೆಗೂ ನಮ್ಮಲ್ಲಿ ಒಂದೇ ಪದ. ಹೀಗಾಗಿ ಮೊದಲ ತಿಂಗಳಲ್ಲೇ ಅವನಿಗೆ ಐಸಿನ ಕಪಾಟು ಎಂಬ ಹೆಸರು ಬಿತ್ತು. ಇಂಥ ಹೆಸರು ಸಿಗಬೇಕಾದರೂ ಪುಣ್ಯ ಮಾಡಿರಬೇಕು.

ಇನ್ನು ಮಾವ. ಓವಿಲಾ ಜಾಂದ್ರೋ ಅವರದು ಮುಖ್ಯ ಬೀದಿಯಲ್ಲಿ ಟೋಪಿ ಅಂಗಡಿ. ಪ್ರಾಯದಲ್ಲಿ ಅವರೂ ಇದೇ ತಂಡದ ಫಾರ್ವರ್ಡ್. ಐದು ಜನರ ನಡುವೆ ಹಾವಿನ ಹಾಗೆ ನುಸುಳಿ, ಗೋಲ್‌ಕೀಪರನನ್ನು ಕೂರಿಸಿ, ಬಿಲ್ಲೆಯನ್ನು ಮೆಲ್ಲಗೆ ಒಳಗೆ ಇಟ್ಟು ಬರುತ್ತಿದ್ದರು. ಅಷ್ಟಾದರೂ ತಲೆಯ ಕ್ರಾಪು ಕೆಡುತ್ತಿರಲಿಲ್ಲವಂತೆ. ಮುನ್ನೂರ ನಲವತ್ತೊಂದು ಗೋಲು ಹೊಡೆದು ಲೀಗಿನ ದಾಖಲೆ ಮಾಡಿ ಆಟ ಬಿಟ್ಟರು. ಬಿಟ್ಟ ಮೇಲೆ ಸುಮ್ಮನೆ ಕೂರಲಿಲ್ಲ. ಊರಿನ ಅಂಗಳದಲ್ಲಿ ಪಂದ್ಯ ನಡೆದಾಗಲೆಲ್ಲ ಗೋಲು ಯಾರದು ಎಂದು ತೀರ್ಮಾನಿಸಿ ಬರೆಯುವ ಅಧಿಕಾರಿ ಅವರೇ ಆದರು. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕತ್ತಿಗೆ ಬೋ ಟೈ ಕಟ್ಟಿಕೊಂಡು ನೆಟ್ಟಗೆ ಕೂರುತ್ತಿದ್ದರು. ಬೀದಿಯ ಆಚೆ ಬದಿ ಹೋಗುವವನ ಟೋಪಿಯ ಮೇಲಿನ ಧೂಳನ್ನು ಅಂಗಡಿಯೊಳಗಿಂದಲೇ ಕಾಣಬಲ್ಲ ಕಣ್ಣು ಅವರದು. ಬಿಲ್ಲೆ ಮೈಗೆ ತಾಗಿ ಒಳಹೋಗುವುದನ್ನು ಅವರು ಗೋಲು ಎಂದೇ ಒಪ್ಪುತ್ತಿರಲಿಲ್ಲ. ಅನುಮಾನ ಬಂದರೆ ಸಾಕು, ಗೋಲನ್ನು ದೂರದಿಂದ ಹೊಡೆದವನಿಗೆ ಬರೆಯುತ್ತಿದ್ದರು, ತಗುಲಿಸಿಕೊಂಡವನಿಗೆ ಅಲ್ಲ.

ಒನೆಸಿಮ್‌ನ ಮೊದಲ ವರ್ಷದ ಕೊನೆಯ ಪಂದ್ಯದಲ್ಲಿ ಜಗಳ ಶುರುವಾಯಿತು. ಅವನು ಆಗಲೇ ಎರಡು ಗೋಲು ಹೊಡೆದಿದ್ದ. ಮೂರನೆಯದು ಜೊತೆಗಾರನೊಬ್ಬ ಹೊಡೆದ ಬಿಲ್ಲೆ, ಇವನ ಎಡ ಮಂಡಿಗೆ ಬಡಿದು ಒಳಗೆ ಹೋಯಿತು. ಒಬ್ಬನೇ ಮೂರು ಗೋಲು ಹೊಡೆದರೆ ನೋಡುವವರೆಲ್ಲ ತಲೆಯ ಟೋಪಿ ತೆಗೆದು ಐಸಿನ ಮೇಲೆ ಎಸೆಯಬೇಕು, ಅದು ಪದ್ಧತಿ. ಆಮೇಲೆ ಆ ಟೋಪಿಗಳನ್ನು ಚೀಲಕ್ಕೆ ತುಂಬಿ ಓವಿಲಾ ಅವರ ಅಂಗಡಿಗೆ ಹೊರುತ್ತಾರೆ. ಅವರು ಬ್ರಷ್ಷು ಹಾಕಿ ಸಾಲಾಗಿ ಇಡುತ್ತಾರೆ, ಜನ ಬಂದು ತಮ್ಮದನ್ನು ಗುರುತಿಸಿ ಒಯ್ಯುತ್ತಾರೆ. ಒಂದಷ್ಟು ಹರಿದಿರುತ್ತವೆ, ಹೊಸದು ಕೊಳ್ಳುತ್ತಾರೆ. ವ್ಯಾಪಾರ ಗೊತ್ತಿರುವ ಯಾವ ಟೋಪಿಯವನೂ ಇಂಥ ಗೋಲನ್ನು ಬಿಡುವುದಿಲ್ಲ. ಓವಿಲಾ ಬಿಟ್ಟರು. ಗೋಲನ್ನು ಹೊಡೆದವನ ಹೆಸರಿಗೆ ಬರೆದರು. ಊರಿಗೆಲ್ಲ ಟೋಪಿ ಮಾರುವವರು ಒನೆಸಿಮ್‌ಗೆ ಮಾತ್ರ ಬಿಟ್ಟಿಯಾಗಿ ಟೋಪಿ ಹಾಕಿದರು ಎಂದು ಜನ ಆಡಿಕೊಂಡರು.

ಸೋಮವಾರ ಬೆಳಿಗ್ಗೆ ಒನೆಸಿಮ್ ಕುಂಟುತ್ತಾ ಅಂಗಡಿಗೆ ಹೋದ. ಮಂಡಿ ಎಲೆಕೋಸಿನ ಹಾಗೆ ಊದಿತ್ತು.

"ಏನು ಬೇಕಿತ್ತು?" ಎಂದರು ಓವಿಲಾ, ಅವನು ಯಾರೆಂದು ಗೊತ್ತಿಲ್ಲದವರಂತೆ.

"ಶನಿವಾರದ ಗೋಲು, ಸಾರ್. ಅದು ನನಗೆ ತಾಗಿತ್ತು."

"ತಾಗಲಿಲ್ಲ."

"ಮಂಡಿ ನೋಡಿ ಬೇಕಾದರೆ."

"ಮೆಟ್ಟಿಲಲ್ಲಿ ಜಾರಿ ಬಿದ್ದರೂ ಮಂಡಿ ಊದುತ್ತೆ. ಟೋಪಿ ಬೇಕಾ?"

ಆಗ ಗಲ್ಲಾದ ಹಿಂದಿನಿಂದ ಮಗಳು ಫ್ಲೂರೆತ್ ತಲೆ ಎತ್ತಿ, "ಅಪ್ಪ, ಅವರಿಗೆ ಕುರ್ಚಿ ಆದರೂ ಕೊಡು. ಗೋಲು ಆಮೇಲೆ ನೋಡೋಣ" ಎಂದಳು. ಒನೆಸಿಮ್ ಅವಳ ಕಡೆ ತಿರುಗಿದ. ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ತಲೆಗೆ ಹಿಡಿಸದ ಒಂದು ಟೋಪಿ ಕೊಂಡು ಹೊರಗೆ ಬಂದ. ಅದನ್ನು ಬದಲಾಯಿಸಲು ಮರುದಿನ ಹೋದ, ಅದರ ಮರುದಿನವೂ ಹೋದ. ಮಂಡಿ ತೋರಿಸಲು ಹೋದವನು ವರ್ಷ ತುಂಬುವುದರೊಳಗೆ ಮದುವೆಯಾದ. ಹೆಣ್ಣು ಕೇಳಲು ಹೋದಾಗ ಓವಿಲಾ ಹೇಳಿದ ಮಾತು ಊರಿಗೆಲ್ಲ ಗೊತ್ತು: "ಮಗಳನ್ನು ಕೊಡ್ತೀನಿ. ಗೋಲು ಕೊಡಲ್ಲ."

ಕೊಟ್ಟ ಮಾತಿಗೆ ಅವರು ತಪ್ಪಲಿಲ್ಲ. ಕೋಲಿನಿಂದ ತಳ್ಳಿದ ಗೋಲನ್ನು ಬರೆಯುತ್ತಿದ್ದರು, ಅದನ್ನು ಬರೆಯದೆ ಬೇರೆ ದಾರಿ ಇರಲಿಲ್ಲ. ಪರ ಊರಿನ ಅಂಗಳಗಳಲ್ಲಿ ಬೇರೆಯವರು ಬರೆಯುತ್ತಿದ್ದರು. ಹೀಗೆ ಒನೆಸಿಮ್‌ನ ಲೆಕ್ಕ ಬೆಳೆಯಿತು. ಆದರೆ ಊರಿನ ಅಂಗಳದಲ್ಲಿ ಮೈಗೆ ತಾಗಿ ಹೋದದ್ದು ಒಂದನ್ನೂ ಓವಿಲಾ ಒಪ್ಪಲಿಲ್ಲ. ಭಾನುವಾರ ಮಾವನ ಮನೆಯಲ್ಲಿ ಬಟಾಣಿ ಸೂಪಿನ ಮುಂದೆ ಕೂತರೆ ಅದೇ ವಿಚಾರಣೆ.

"ನಿನ್ನೆ ಎರಡನೇದು ಪಕ್ಕೆಗೆ ತಾಗಿತ್ತು ಮಾವ. ಇಲ್ಲಿ ನೋಡಿ, ನೇರಳೆ ಬಣ್ಣ ಇನ್ನೂ ಹಸಿ ಇದೆ" ಎಂದು ಒನೆಸಿಮ್ ಅಂಗಿ ಎತ್ತುತ್ತಿದ್ದ.

"ಅದು ನನ್ನ ಮಗಳು ಸೌಟಲ್ಲಿ ಕೊಟ್ಟಿದ್ದು" ಎನ್ನುತ್ತಿದ್ದರು ಓವಿಲಾ, ಸೂಪಿನಿಂದ ತಲೆ ಎತ್ತದೆ.

"ನಾನು ಕೊಟ್ಟರೆ ಅಷ್ಟು ಸಣ್ಣದಾಗಿ ಇರುತ್ತಾ?" ಎಂದು ಫ್ಲೂರೆತ್ ನಡುವೆ ಬರುತ್ತಿದ್ದಳು. "ಒನೆಸಿಮ್, ಅಂಗಿ ಇಳಿಸು. ಊಟದ ಮುಂದೆ ನಿನ್ನ ಹೊಟ್ಟೆ ಯಾರಿಗೆ ನೋಡಬೇಕಾಗಿದೆ?"

ಊರು ಇದನ್ನು ತಮಾಷೆ ಎಂದುಕೊಂಡಿತು. ಒನೆಸಿಮ್ ಕೂಡ ನಗುತ್ತಿದ್ದ. ಆದರೆ ಒಳಗೆ ಒಂದು ಆಸೆ ಕೂತಿತ್ತು, ಅದು ದಾಖಲೆಯದಲ್ಲ. ಒಂದು ಸಲ, ಒಂದೇ ಒಂದು ಸಲ, ಆ ಮುದುಕರು ತಮ್ಮ ಬಾಯಿಂದ ತಾಗಿತ್ತು ಎನ್ನಬೇಕು. ತಾನು ಹಲ್ಲು ಕಚ್ಚಿ ನಿಂತದ್ದೂ ಒಂದು ಆಟ ಎಂದು, ಆಟ ಬಲ್ಲ ಆ ಒಬ್ಬರು ಒಪ್ಪಬೇಕು. ಮನೆಯಂಗಳದ ಹಿಮ ಎತ್ತಿ ಹಾಕುವಾಗ ಒಮ್ಮೆ ಇದನ್ನು ಫ್ಲೂರೆತ್‌ಗೆ ಹೇಳಿಬಿಟ್ಟ.

ಅವಳು ಸಲಿಕೆ ಊರಿಕೊಂಡು ನಿಂತಳು. "ನಾನು ಹುಟ್ಟಿದಾಗ ಅಪ್ಪ ತೊಟ್ಟಿಲು ಬಗ್ಗಿ ನೋಡಿ 'ಪರವಾಗಿಲ್ಲ' ಅಂದರಂತೆ. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಿಂದ ಇವತ್ತಿನವರೆಗೂ ಬಂದಿಲ್ಲ. ನೀನು ಕಾಯ್ತಾ ಇರು."

ಕಾಯುತ್ತಾ ಹದಿಮೂರು ಚಳಿಗಾಲ ಕಳೆಯಿತು. ಮಂಡಿ ಇನ್ನು ಆಗದು ಎಂದಿತು. ಆ ವರ್ಷದ ಕೊನೆಯ ಪಂದ್ಯವೇ ತನ್ನ ಕೊನೆಯ ಪಂದ್ಯ ಎಂದು ಒನೆಸಿಮ್ ಹೇಳಿದ. ಮಾವನ ದಾಖಲೆ ಮುಟ್ಟಲು ಎರಡು ಗೋಲು ಬೇಕಿತ್ತು, ದಾಟಲು ಮೂರು. ಅಂದರೆ ಟೋಪಿ ಎಸೆಯುವ ಗೋಲೂ ದಾಖಲೆ ಮುರಿಯುವ ಗೋಲೂ ಒಂದೇ. ಊರಿನ ಹೆಂಗಸರು ಹುಷಾರಾದರು. ಒಳ್ಳೆ ಚರ್ಮದ ಟೋಪಿ ಹಾಕಿಕೊಂಡು ಹೊರಟ ಗಂಡಂದಿರನ್ನು ಬಾಗಿಲಲ್ಲೇ ತಡೆದು, ಹಳೆಯ ಉಣ್ಣೆ ಟೋಪಿ ಹಾಕಿಸಿ ಕಳಿಸಿದರು. ಗಾಜಿನ ಕೋಣೆಯಿಂದ ಓವಿಲಾ ಜನರ ತಲೆಗಳನ್ನು ನೋಡಿ, "ಊರಲ್ಲಿ ಇಷ್ಟು ದರಿದ್ರ ಟೋಪಿಗಳಿವೆ ಅಂತ ನನಗೆ ಗೊತ್ತಿರಲಿಲ್ಲ" ಎಂದರಂತೆ.

ಎದುರಾಳಿಗಳು ಆಚೆ ದಡದವರು. ಮೊದಲ ಅವಧಿಯಲ್ಲೇ ಒನೆಸಿಮ್ ಗೋಲ್‌ಕೀಪರನ ಕಾಲಿನಿಂದ ಚಿಮ್ಮಿದ ಬಿಲ್ಲೆಯನ್ನು ಒಳಗೆ ತಳ್ಳಿದ. ಎರಡನೆಯ ಅವಧಿಯಲ್ಲಿ ಕೋಲನ್ನು ಅಡ್ಡ ಹಿಡಿದು ಇನ್ನೊಂದು. ಎರಡನ್ನೂ ಓವಿಲಾ ತುಟಿ ಪಿಟಕ್ಕೆನ್ನದೆ ಬರೆದರು. ಮಾವ ಅಳಿಯ ಸಮ ಆದರು. ಜನ ಕೈಯಲ್ಲಿ ಟೋಪಿ ಹಿಡಿದೇ ಕೂತರು.

ಕೊನೆಯ ಅವಧಿ ಮುಗಿಯಲು ಸ್ವಲ್ಪವೇ ಉಳಿದಿತ್ತು. ಬಿಲ್ಲೆ ದೂರದ ನೀಲಿ ಗೆರೆಯ ಹತ್ತಿರ ಗಾಸ್ಪಾರ್ ಪ್ಲುರ್ದ್‌ಗೆ ಸಿಕ್ಕಿತು. ಗಾಸ್ಪಾರ್ ಹಿಂದೆ ನಿಂತು ಕಾಯುವ ಆಟಗಾರ, ನಾಚಿಕೆ ಸ್ವಭಾವದವನು, ಎರಡು ಚಳಿಗಾಲದಿಂದ ಒಂದು ಗೋಲೂ ಹೊಡೆದಿರಲಿಲ್ಲ. ಏನಾದರಾಗಲಿ ಎಂದು ಬೀಸಿದ. ಗೋಲಿನ ಮುಂದೆ ಕಪಾಟಿನಂತೆ ನಿಂತಿದ್ದ ಒನೆಸಿಮ್‌ನ ತೋಳಿನ ಕೆಳಗಿನಿಂದ ಬಿಲ್ಲೆ ನುಗ್ಗಿ ಹೋಯಿತು. ಅವನಿಗೆ ತಣ್ಣನೆಯ ಗಾಳಿ ಮಾತ್ರ ತಿಳಿಯಿತು. ಹಿಂದೆ ಬಲೆ ಅಲುಗಿತು, ಕೆಂಪು ದೀಪ ಹತ್ತಿತು.

ಮೇಲಿನಿಂದ ಟೋಪಿಗಳು ಸುರಿಯತೊಡಗಿದವು. ಅಷ್ಟರಲ್ಲಿ ಧ್ವನಿವರ್ಧಕ ಗರಗರ ಎಂದಿತು. ಹೆಸರು ಕೂಗುವವನ ಕೈಯಿಂದ ಮೈಕನ್ನು ಓವಿಲಾ ಅವರೇ ಕಿತ್ತುಕೊಂಡಿದ್ದರು.

"ಗೋಲು ಒನೆಸಿಮ್ ಥಿಬೋದೋನದು," ಎಂದರು. ಸ್ವಲ್ಪ ತಡೆದು, "ತಾಗಿತ್ತು" ಎಂದರು.

ಜನ ಎಬ್ಬಿಸಿದ ಸದ್ದಿಗೆ ಅಂಗಳದ ತಗಡಿನ ಮಾಡು ಹಾರಿಹೋಗಬೇಕಿತ್ತು. ಒನೆಸಿಮ್ ಗಾಜಿನ ಕೋಣೆಯ ಕಡೆ ತಿರುಗಿದ. ಹದಿಮೂರು ವರ್ಷ ಕಾದ ಮಾತು, ಇಡೀ ಊರಿನ ಮುಂದೆ, ಮೈಕಿನಲ್ಲಿ ಬಂದಿತ್ತು. ಯಾರದೋ ಕೆಂಪು ಉಣ್ಣೆ ಟೋಪಿ ಬಂದು ಅವನ ಭುಜದ ಮೇಲೆ ಕೂತಿತು. ಅವನು ಹಾಗೇ ನಿಂತಿದ್ದ. ಸಂತೋಷ ಎಷ್ಟಿತ್ತೋ ಅದರ ಪಕ್ಕದಲ್ಲೇ ಒಂದು ಮುಳ್ಳು ಎದ್ದಿತು. ತಾಗಿದ್ದೆಲ್ಲ ತಾಗಲಿಲ್ಲ ಎಂದರು, ತಾಗದೆ ಇದ್ದದ್ದು ತಾಗಿತು ಎನ್ನುತ್ತಿದ್ದಾರೆ.

ಗಾಸ್ಪಾರ್ ಬಂದು ತಬ್ಬಿಕೊಂಡ.

"ನೀನು ನೋಡಿದೆಯೇನೋ? ನನಗೆ ತಾಗಿತಾ?" ಎಂದು ಒನೆಸಿಮ್ ಅವನ ಕಿವಿಯಲ್ಲಿ ಕೇಳಿದ.

"ನಾನು ಕಣ್ಣು ಮುಚ್ಕೊಂಡು ಹೊಡೆದೆ ಮಾರಾಯ. ನನಗೇನು ಗೊತ್ತು?"

ಹಾಗಾದರೆ ನಿಜ ಗೊತ್ತಿದ್ದದ್ದು ಇಬ್ಬರಿಗೆ. ಒನೆಸಿಮ್ ಟೋಪಿಗಳ ನಡುವೆ ದಾರಿ ಮಾಡಿಕೊಂಡು ಗಾಜಿನ ಕೋಣೆಯ ಹತ್ತಿರ ಹೋದ.

"ಮಾವ, ತಾಗಲಿಲ್ಲ."

"ತಾಗಿತ್ತು" ಎಂದರು ಓವಿಲಾ.

"ಎಲ್ಲಿಗೆ?"

ಓವಿಲಾ ಬೋ ಟೈ ಸರಿ ಮಾಡಿಕೊಂಡರು. "ಬೆನ್ನಿಗೆ."

"ನಾನು ಗಾಸ್ಪಾರ್ ಕಡೆಗೇ ಮುಖ ಮಾಡಿ ನಿಂತಿದ್ದೆ."

"ಹದಿಮೂರು ವರ್ಷ ತಾಗಿತು ತಾಗಿತು ಅಂತ ನನ್ನ ತಲೆ ತಿಂದೆ. ಇವತ್ತು ಕೊಟ್ಟರೆ ಬೇಡ ಅಂತೀಯಲ್ಲ, ನಿನಗೆ ಬುದ್ಧಿ ಇದೆಯೇನೋ? ಇದು ನಿನ್ನ ಕೊನೇ ಪಂದ್ಯ. ಸುಮ್ಮನೆ ತಗೋ."

"ಅದೇ ಮಾವ. ಇದನ್ನ ನೀವು ಕೊಟ್ಟಿದ್ದು ಅಂತ ತಗೊಂಡರೆ, ಮಿಕ್ಕಿದ್ದೆಲ್ಲವೂ ಯಾರೋ ಕೊಟ್ಟಿದ್ದೇ ಆಗಿಬಿಡುತ್ತೆ. ಅವೆಲ್ಲ ನಾನು ನಿಂತು ಹೊಡೆದಿದ್ದು."

ಅಷ್ಟು ಹೊತ್ತಿಗೆ ರೆಫರಿ ಬಂದ. "ನಿಮ್ಮ ಮನೆ ಜಗಳ ಮನೇಲಿ ಇಟ್ಕೊಳ್ಳಿ. ಯಾರದು ಗೋಲು?"

ಕೋಣೆಯ ಹಿಂದಿನ ಬೆಂಚಿನಿಂದ ಫ್ಲೂರೆತ್ ಬಗ್ಗಿದಳು. ಅವಳು ಬೆಚ್ಚಗಿನ ಆಲೂಗಡ್ಡೆ ಚಿಪ್ಸಿನ ಪೊಟ್ಟಣ ಹಿಡಿದುಕೊಂಡೇ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅಪ್ಪ, ತಾಗಿದ್ದರೆ ಈ ಮನುಷ್ಯ ಇಷ್ಟು ಹೊತ್ತಿಗೆ ಅಂಗಿ ಎತ್ತಿರ್ತಿದ್ದ. ಎತ್ತಿಲ್ಲ ಅಂದರೆ ತಾಗಿಲ್ಲ. ಗಾಸ್ಪಾರ್ ಹೆಸರು ಬರೆ."

ಓವಿಲಾ ಅಳಿಯನ ಮುಖವನ್ನು ಬಹಳ ಹೊತ್ತು ನೋಡಿದರು, ಟೋಪಿ ಕೊಳ್ಳಲು ಬಂದವನ ತಲೆಯ ಅಳತೆಯನ್ನು ಕಣ್ಣಲ್ಲೇ ತೆಗೆಯುವ ಹಾಗೆ. ಆಮೇಲೆ ಮೈಕು ತೆಗೆದುಕೊಂಡು, "ತಿದ್ದುಪಡಿ. ಗೋಲು ಪ್ಲುರ್ದ್‌ದು" ಎಂದರು.

ಮುಂದಿನದು ಗಲಾಟೆ. ನಮ್ಮೂರಿನ ಬೈಗುಳಗಳೆಲ್ಲ ಚರ್ಚಿನ ಸಾಮಾನುಗಳ ಹೆಸರುಗಳೇ. ಪೂಜೆಯ ಬಟ್ಟಲು, ಪ್ರಸಾದದ ಪೆಟ್ಟಿಗೆ, ಅದರ ಮೇಲಿನ ಬಟ್ಟೆ, ಒಂದೂ ಉಳಿಯಲಿಲ್ಲ. ಪಾದ್ರಿಗಳು ಕೆಮ್ಮುತ್ತಾ ಸೀಲಿಂಗ್ ನೋಡಿದರು. ಬೈದು ಮುಗಿದ ಮೇಲೆ ಜನರಿಗೆ ತಮ್ಮ ತಲೆ ಬೋಳಾಗಿರುವುದು ನೆನಪಾಯಿತು. "ಪುಕ್ಕಟೆ ಎಸೆದ ಹಾಗಾಯ್ತಲ್ಲ, ನನ್ನ ಟೋಪಿ ಕೊಡ್ರಪ್ಪ" ಎಂದು ಎಲ್ಲ ಮೂಲೆಯಿಂದ ಕೂಗು. ಒನೆಸಿಮ್ ಮತ್ತು ಗಾಸ್ಪಾರ್ ಇಬ್ಬರೂ ಬಗ್ಗಿ ಬಗ್ಗಿ ಟೋಪಿ ಹೆಕ್ಕಿದರು. ಗಾಸ್ಪಾರ್‌ನ ಕಣ್ಣಲ್ಲಿ ನೀರು. "ಎರಡು ವರ್ಷದ ಮೇಲೆ ಒಂದು ಗೋಲು, ಅದಕ್ಕೆ ಇಡೀ ಊರು ಬೈತಾ ಇದೆ" ಎನ್ನುತ್ತಾ ನಗುತ್ತಲೂ ಇದ್ದ. ಉಳಿದ ಸಮಯದಲ್ಲಿ ಒನೆಸಿಮ್‌ಗೆ ಮತ್ತೊಂದು ಬಿಲ್ಲೆ ಸಿಗಲಿಲ್ಲ. ಲೀಗಿನ ಹಲಗೆಯ ಮೇಲೆ ಮಾವ ಅಳಿಯ ಇಬ್ಬರ ಹೆಸರೂ ಒಂದೇ ಸಾಲಿನಲ್ಲಿ ಉಳಿದವು, ಈಗಲೂ ಇವೆ.

ಮರುದಿನ ಭಾನುವಾರ. ಬಟಾಣಿ ಸೂಪು, ಹಂದಿ ಮಾಂಸ, ಆಮೇಲೆ ಮೇಪಲ್ ಪಾಕದ ಸಿಹಿ. ಮದುವೆಯಾದಾಗಿನಿಂದ ಮೊದಲ ಬಾರಿಗೆ ಮೇಜಿನ ಮೇಲೆ ವಿಚಾರಣೆ ಇರಲಿಲ್ಲ. ಮುದುಕರ ಮನಸ್ಸು ನೋಯಿಸಿದೆನೇನೋ ಎಂದು ಒನೆಸಿಮ್‌ಗೆ ಒಳಗೊಳಗೇ ಕಸಿವಿಸಿ. ಕೇಳಬೇಕಾಗಿದ್ದ ಒಂದೇ ಮಾತು ಕೇಳಿಸಿತು, ಅದನ್ನೂ ತಾನೇ ಹಿಂದಕ್ಕೆ ಕೊಟ್ಟು ಬಂದಾಯಿತು. ಇನ್ನು ಆಡುವುದೂ ಇಲ್ಲ, ತಾಗುವುದೂ ಇಲ್ಲ.

"ಎಡ ಮಂಡಿ," ಎಂದರು ಓವಿಲಾ ಇದ್ದಕ್ಕಿದ್ದ ಹಾಗೆ.

"ಏನಪ್ಪ?" ಎಂದಳು ಫ್ಲೂರೆತ್.

"ಇವನ ಮೊದಲನೇ ವರ್ಷ. ಕೊನೇ ಪಂದ್ಯ. ಮೂರನೇ ಗೋಲು." ಅವರು ಸೂಪಿನಲ್ಲಿ ಬ್ರೆಡ್ಡು ಅದ್ದಿದರು. "ಅದು ತಾಗಿತ್ತು."

ಒನೆಸಿಮ್‌ನ ಚಮಚ ಬಾಯಿಗೂ ತಟ್ಟೆಗೂ ನಡುವೆ ನಿಂತಿತು.

"ಗೊತ್ತಿದ್ದೂ ಯಾಕೆ ಬರೀಲಿಲ್ಲ?" ಫ್ಲೂರೆತ್ ಬಿಡಲಿಲ್ಲ.

"ಆವತ್ತು ನಿಜವಾಗ್ಲೂ ಕಾಣಲಿಲ್ಲ. ಸೋಮವಾರ ಕುಂಟ್ತಾ ಅಂಗಡಿಗೆ ಬಂದ, ಆಗ ಗೊತ್ತಾಯ್ತು. ತಿದ್ದೋಣ ಅಂತಲೇ ಇದ್ದೆ. ಅಷ್ಟರಲ್ಲಿ ನಿನ್ನ ಮುಖ ನೋಡಿದ. ನೋಡಿದವನು ಕುಂಟೋದನ್ನೇ ಮರೆತು ನೆಟ್ಟಗೆ ನಡ್ಕೊಂಡು ಹೋದ. ಅಷ್ಟೇನೂ ತಾಗಿರಲಾರದು ಅಂದ್ಕೊಂಡೆ."

"ಹಾಗಾದರೆ ದಾಖಲೆ ಇವನದೇ ಆಯ್ತು."

"ಆಗಲ್ಲ. ಆ ವರ್ಷದ್ದೆಲ್ಲ ಲೀಗಿನವರು ಯಾವತ್ತೋ ಮುಗಿಸಿ ಕಟ್ಟಿಟ್ಟಿದ್ದಾರೆ. ಯಾರೂ ಬದಲಾಯಿಸಲ್ಲ." ಓವಿಲಾ ಮೊದಲ ಸಲ ತಲೆ ಎತ್ತಿ ಅಳಿಯನನ್ನು ನೋಡಿದರು. "ತಾಗಿತ್ತು ಅಂತ ಹೇಳ್ತಿದ್ದೀನಿ, ಅಷ್ಟೆ."

ಒನೆಸಿಮ್ ಖಾಲಿಯಾಗದ ತಟ್ಟೆಯನ್ನೇ ಫ್ಲೂರೆತ್‌ಳ ಕಡೆಗೆ ಚಾಚಿ, "ಇನ್ನೊಂದು ಸೌಟು ಹಾಕು" ಎಂದ. ಅವಳು ಅವನ ಮುಖ ನೋಡಿ ತುಂಬಾ ಹಾಕಿದಳು. ಅವನು ಬಲಗೈಯಲ್ಲಿ ಸೂಪು ಕುಡಿದ. ಎಡಗೈ ಮೇಜಿನ ಕೆಳಗೆ ಮಂಡಿಯ ಮೇಲೆ ಇತ್ತು.